ಊರಿನ ಗೋಡೆಯೂ ಓಣಿಯೂ



ನಮ್ಮ ನಾಡಿನ ಪೂರ್ವಚರಿತ್ರೆಯ ಮಾತೆತ್ತಿದೊಡನೆಯೇ ಕೇಳುವವರ ಮನಸ್ಸು ದೇವಾಲಯದ ಕಡೆಗೋ, ಅರಮನೆಯ ಕಡೆಗೋ, ಇಲ್ಲವೇ ರಣರಂಗದ ಕಡೆಗೋ ಹರಿಯುವುದು ಸಹಜವಾದುದು. ಚರಿತ್ರೆಯ ಪುಸ್ತಕಗಳು ನಮಗೆ ಅದನ್ನೇ ಕಲಿಸಿವೆ. ಈ ಹೊತ್ತು ನಾನು ತಮ್ಮ ಮುಂದಿಡಬೇಕೆಂದಿರುವ ವಸ್ತು ಅವೆಲ್ಲಕ್ಕಿಂತಲೂ ಸಾಧಾರಣವಾದುದು. ಅದು ಊರಿನ ಎಲ್ಲೆಯ ಕಲ್ಲುಗೋಡೆ, ಮತ್ತು ಎರಡು ಗೋಡೆಗಳ ನಡುವೆ ನುಸುಳಿಕೊಂಡು ಹೋಗುವ ಓಣಿ. ಇವುಗಳಿಗೆ ಶಿಲ್ಪಿಯ ಹೆಸರಿಲ್ಲ, ಕಟ್ಟಿಸಿದ ಅರಸಿನ ಬಿರುದಿಲ್ಲ. ಆದರೂ ಜನರು ಒಬ್ಬರ ಪಕ್ಕದಲ್ಲೊಬ್ಬರು ಹೇಗೆ ಬಾಳಿದರೆಂಬುದನ್ನು ಹೇಳುವ ಸಾಕ್ಷಿಗಳಲ್ಲಿ ಇವುಗಳಿಗೆ ಮಿಗಿಲಾದುದು ವಿರಳ.

ಮೊದಲು ಓಣಿಯೆಂಬ ಮಾತನ್ನೇ ನೋಡೋಣ. ಧಾರವಾಡ, ಬಿಜಾಪುರದ ಕಡೆಯವರಿಗೆ ಓಣಿಯೆಂದರೆ ಮನೆಗಳ ಸಾಲು. ಯಾವ ಓಣಿಯವನೆಂದು ಕೇಳಿದರೆ ಮನುಷ್ಯನ ನೆಲೆಯನ್ನೂ ನೆರೆಯನ್ನೂ ಒಟ್ಟಿಗೆ ಕೇಳಿದಂತಾಯಿತು. ಘಟ್ಟದ ಮೇಲಿನ ಶಿರಸಿ, ಯಲ್ಲಾಪುರಗಳ ಸೀಮೆಗೆ ಬಂದರೆ ಅದೇ ಮಾತಿಗೆ ಬೇರೊಂದು ಚಿತ್ರ. ಅಲ್ಲಿ ತೋಟದ ಎಲ್ಲೆಗೆ ಅಗಳು ತೋಡಿ, ತೆಗೆದ ಮಣ್ಣನ್ನು ಧರೆಯಾಗಿ ಏರಿಸಿ, ಅದರ ಮೇಲೆ ಬೇಲಿ ಹಾಕುವರು. ಹೀಗೆ ಎದುರುಬದುರಾದ ಎರಡು ಧರೆಗಳ ನಡುವೆ ತಗ್ಗಿನಲ್ಲಿ ಹಾದುಹೋಗುವ ದಾರಿಯೇ ಓಣಿ. ಅದರ ತುದಿಗೆ ಒಂದು ದಣಪೆ. ಮನುಷ್ಯನು ದಾಟಬಹುದು, ದನ ದಾಟಲಾರದು. ಎರಡು ಅರ್ಥಗಳಿಗೂ ಸಮಾನವಾದುದು ಒಂದೇ: ಇತ್ತ ಒಬ್ಬನ ಎಲ್ಲೆ, ಅತ್ತ ಇನ್ನೊಬ್ಬನ ಎಲ್ಲೆ, ನಡುವೆ ಇಬ್ಬರಿಗೂ ಸೇರದೆ ಎಲ್ಲರಿಗೂ ಸೇರಿದ ನೆಲ. ಓಣಿಯೆಂಬುದು ದಾರಿಯಾಗುವುದಕ್ಕೆ ಮೊದಲೇ ಒಂದು ಒಪ್ಪಂದ. ನನ್ನ ಉಪನ್ಯಾಸದ ತಿರುಳೂ ಇಷ್ಟೇ. ಗೋಡೆಯು ಬಿದ್ದುಹೋಗಬಹುದು, ಅದರ ಕಲ್ಲನ್ನು ಹೊತ್ತೊಯ್ಯಬಹುದು. ಓಣಿಯ ಜಾಡು ಮಾತ್ರ ಜನರು ಅಲ್ಲಿ ನಡೆಯುವವರೆಗೂ ಅಳಿಯದು. ಆದುದರಿಂದ ಊರಿನ ನಿಜವಾದ ಪ್ರಾಚೀನತೆಯು ಗೋಡೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಓಣಿಯಲ್ಲಿದೆ.

ಎಲ್ಲೆಯೆಂಬುದು ಯಾವಾಗಲೂ ಕಲ್ಲಿನಿಂದಲೇ ಆಗಬೇಕೆಂಬ ನಿಯಮವಿಲ್ಲ. ದಾಂಡೇಲಿಯ ಸಮೀಪದ ಕುಳಗಿಯಂತಹ ಕಾಡಿನ ಊರಿನಲ್ಲಿ ಹೊಲದ ಸುತ್ತಲಿನ ಬೇಲಿಯು ಮರದ್ದು, ಬಿದಿರಿನದು. ಅದು ಕೆಲವು ಮಳೆಗಾಲಗಳನ್ನು ಕಾಣುವುದರೊಳಗೆ ಮಣ್ಣಾಗುವುದು. ಆದರೆ ಅಂತಹ ಊರಿಗೂ ಕಲ್ಲಿನ ಎಲ್ಲೆಯೊಂದು ಇಲ್ಲದೆ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ, ಅದರಲ್ಲಿಯೂ 1878ರ ಅರಣ್ಯದ ಕಾಯಿದೆಯಾದ ಮೇಲೆ, ಸರಕಾರವು ಕಾಡನ್ನು ಕಾದಿರಿಸಿ ಅದರ ಗಡಿಯುದ್ದಕ್ಕೂ ಗುರುತಿನ ಕಲ್ಲುಗಳನ್ನೂ ಕಲ್ಲುಗುಪ್ಪೆಗಳನ್ನೂ ಇಡಿಸಿತು. ಕಲ್ಲುಗುಪ್ಪೆಯು ಗೋಡೆಯಲ್ಲ, ಮಗುವೂ ಅದನ್ನು ದಾಟೀತು. ಆದರೂ ಅದರ ಈಚೆಗೆ ಕಡಿದ ಮರವು ಸೌದೆ, ಆಚೆಗೆ ಕಡಿದ ಮರವು ಅಪರಾಧ. ದಾಂಡೇಲಿಯ ಕಾಡು 1956ರಲ್ಲಿ ವನ್ಯಮೃಗಗಳ ಅಭಯಾರಣ್ಯವಾಗಿ, ಮುಂದೆ ಹುಲಿಗಳ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರನ್ನು ಪಡೆದ ಕಾಲದಲ್ಲಿಯೂ ಜನರ ಬಾಳನ್ನು ತೀರ್ಮಾನಿಸಿದುದು ಈ ಎಲ್ಲೆಯೇ. ಎಲ್ಲೆಯ ಬಲವು ಅದರ ಎತ್ತರದಲ್ಲಿಲ್ಲ, ಅದರ ಹಿಂದಿರುವ ಹಕ್ಕಿನಲ್ಲಿದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಕುಳಗಿಯಿಂದ ಈಶಾನ್ಯಕ್ಕೆ ನಡೆದರೆ ಕಾಡು ತೆಳುವಾಗಿ ಹಳಿಯಾಳ ಸಿಕ್ಕುವುದು. ಅಲ್ಲಿಂದ ಮುಂದೆ ಬಯಲು ಸೀಮೆ. ಈ ಹಳಿಯಾಳವು ಹಿಂದೆ ಗಡಿಯ ಠಾಣ್ಯ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಕನ್ನಡ ಜಿಲ್ಲೆಯು ಇಂಗ್ಲಿಷರ ಕಂಪನಿಗೆ ಸೇರಿದಾಗ, ಮರಾಠರ ಸೀಮೆಗೆ ಅಂಟಿಕೊಂಡಿದ್ದ ಈ ಊರಿನ ಹೆಸರು, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಬರತೊಡಗಿತು. ಹೊಸ ಜಿಲ್ಲೆಯ ಕಂದಾಯವನ್ನು ಗೊತ್ತುಮಾಡಲು ಬಂದ ಕಲೆಕ್ಟರನು ಥಾಮಸ್ ಮನ್ರೋ. ಅವನು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ 1761ರಲ್ಲಿ ಹುಟ್ಟಿದವನು. 1801ರಲ್ಲಿ ಯಲ್ಲಾಪುರ, ಹಳಿಯಾಳ, ಸೋದೆ, ಬನವಾಸಿಗಳ ಮಾರ್ಗವಾಗಿ ಸಂಚರಿಸಿ, ಕಂಡುದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ ವೈದ್ಯನಾದ ಫ್ರಾನ್ಸಿಸ್ ಬುಕನನ್ನನೂ ಸ್ಕಾಟ್ಲೆಂಡಿನವನೇ. ನಮ್ಮ ಹೊಲಗಳ ಎಲ್ಲೆಯನ್ನು ಕೇಳಿ ಬರೆದುಕೊಂಡ ಇವರು ಎಲ್ಲೆಗೋಡೆಗಳ ನಾಡಿನಿಂದ ಬಂದವರು. ಆ ನಾಡಿನ ಒಂದು ಊರನ್ನು ಕ್ಷಣಮಾತ್ರ ನೋಡಿ ಬರುವುದು ನಮ್ಮ ವಿಷಯಕ್ಕೆ ಉಪಕಾರಿಯಾದೀತು.

ಸ್ಕಾಟ್ಲೆಂಡಿನ ಪೂರ್ವತೀರದಲ್ಲಿ ಸೇಂಟ್ ಆಂಡ್ರೂಸ್ ಎಂಬ ಹಳೆಯ ಪಟ್ಟಣವುಂಟು. ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿನ ಬಿಷಪ್ಪನು ಅದನ್ನು ವ್ಯಾಪಾರದ ಪಟ್ಟಣವನ್ನಾಗಿ ಸ್ಥಾಪಿಸಿದನು. ಮೂರು ದೊಡ್ಡ ಬೀದಿಗಳು. ಪ್ರತಿಯೊಂದು ಮನೆಯ ಹಿಂದೆಯೂ ಸೀಳಿದ ಪಟ್ಟಿಯಂತೆ ಉದ್ದವಾದ ಹಿತ್ತಿಲು. ಹಿತ್ತಿಲುಗಳ ನಡುವೆ ಕಲ್ಲಿನ ಗೋಡೆ. ಗೋಡೆಗಳ ನಡುವೆ ಒಂದು ಬೀದಿಯಿಂದ ಇನ್ನೊಂದಕ್ಕೆ ದಾಟುವ ಇಕ್ಕಟ್ಟಾದ ಓಣಿಗಳು. ಅಲ್ಲಿನ ಮಠದ ಅಧಿಪತಿಗಳಾಗಿದ್ದ ಹೆಪ್‌ಬರ್ನ್ ಮನೆತನದವರು ಹದಿನಾರನೆಯ ಶತಮಾನದಲ್ಲಿ ಮಠದ ಆವರಣಕ್ಕೆ ಸುಮಾರು 20 ಅಡಿ ಎತ್ತರದ, ಸುಮಾರು ಒಂದು ಮೈಲಿ ಸುತ್ತಳತೆಯ ಪ್ರಾಕಾರವನ್ನು ಬಲಪಡಿಸಿ ನಿಲ್ಲಿಸಿದರು. 1559ರ ಮತಕ್ರಾಂತಿಯ ತರುವಾಯ ಅಲ್ಲಿನ ಮಹಾಮಂದಿರವು ಪಾಳುಬಿದ್ದಿತು. ಊರಿನವರು ಅದರ ಕಲ್ಲನ್ನು ಕಿತ್ತು ತಮ್ಮ ಮನೆಗಳಿಗೂ ಹಿತ್ತಿಲಿನ ಗೋಡೆಗಳಿಗೂ ಬಳಸಿಕೊಂಡರು. ಹೀಗೆ ಒಡೆದ ಮಂದಿರವು ಊರಿನ ಗೋಡೆಗಳಲ್ಲಿ ಹಂಚಿಹೋಯಿತು. ಆದರೆ ಬೀದಿಗಳ ಮತ್ತು ಓಣಿಗಳ ವಿನ್ಯಾಸವು ಕದಲಲಿಲ್ಲ. ಇಂದಿಗೂ ಆ ಊರಿನ ನಕ್ಷೆಯನ್ನು ಬಿಚ್ಚಿದರೆ ಮಧ್ಯಯುಗದ ಎಲ್ಲೆಗಳನ್ನು ಬೆರಳಿಟ್ಟು ತೋರಿಸಬಹುದು. ಇದನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ನಾಡಿಗೆ ಹಿಂದಿರುಗೋಣ.

ನಮ್ಮ ಸಹ್ಯಾದ್ರಿಯ ಒಂದೇ ಮಗ್ಗುಲಿನಲ್ಲಿ, ಒಂದಕ್ಕೊಂದು ಬಹುದೂರವಲ್ಲದ ಎಡೆಗಳಲ್ಲಿ, ಎರಡು ನದಿಗಳು ಹುಟ್ಟುವುವು. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿದ ಕಾಳಿಯು ಕಾಡನ್ನು ಸೀಳಿಕೊಂಡು ಪಶ್ಚಿಮಕ್ಕೆ ಕಾರವಾರದಲ್ಲಿ ಕಡಲನ್ನು ಸೇರುವುದು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಪೂರ್ವಕ್ಕೆ ತಿರುಗಿ ಬಯಲನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವುದು. ಮೊದಲನೆಯ ನದಿಯ ದಡದಲ್ಲಿ, ಪಾಂಢರಿಯು ಕಾಳಿಯನ್ನು ಕೂಡುವಲ್ಲಿ, ಸೂಪಾ ಎಂಬ ಊರಿತ್ತು. ತಾಲೂಕಿಗೆ ಕೇಂದ್ರವಾಗಿದ್ದ ಊರು. ವಿದ್ಯುಚ್ಛಕ್ತಿಗಾಗಿ ಗಣೇಶಗುಡಿಯ ಬಳಿ 101 ಮೀಟರು ಎತ್ತರದ ಅಣೆಕಟ್ಟು 1980ರ ದಶಕದಲ್ಲಿ ಎದ್ದು ನಿಂತು, ಸೂಪಾ ತನ್ನ ಮನೆ, ಗುಡಿ, ಪೇಟೆ, ಓಣಿಗಳೊಡನೆ ನೀರಿನಡಿಯಾಯಿತು. ಕಚೇರಿಗಳು ಜೋಯಿಡಾಕ್ಕೆ ಹೋದುವು. ಮುಳುಗಡೆಯಾದ ಪ್ರದೇಶದ ಜನರಲ್ಲಿ ಅನೇಕರು ರಾಮನಗರದಲ್ಲಿ ಹೊಸದಾಗಿ ನೆಲೆಯೂರಿದರು. ಎರಡನೆಯ ನದಿಯ ದಡದಲ್ಲಿ ಐಹೊಳೆಯುಂಟು. ಅದು ಮುಳುಗಿಲ್ಲ; ಹದಿನಾಲ್ಕು ಶತಮಾನಗಳ ಚರಿತ್ರೆಯನ್ನು ಹೊತ್ತುಕೊಂಡು ಜನವಸತಿಯಾಗಿಯೇ ಉಳಿದಿದೆ. ಕಲ್ಲುಗೋಡೆ ಮತ್ತು ಓಣಿಗಳನ್ನು ಓದುವ ವಿದ್ಯೆಯನ್ನು ಕಲಿಯಬೇಕಾದರೆ ಐಹೊಳೆಯಂತಹ ಪಾಠಶಾಲೆ ಕನ್ನಡನಾಡಿನಲ್ಲಿ ಮತ್ತೊಂದು ದೊರೆಯುವುದು ಕಷ್ಟ.

ಐಹೊಳೆಯು ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲೂಕಿನಲ್ಲಿದೆ. ಶಾಸನಗಳಲ್ಲಿ ಇದಕ್ಕೆ ಆರ್ಯಪುರವೆಂದೂ ಅಯ್ಯಾವೊಳೆಯೆಂದೂ ಹೆಸರು. ಊರಿಗೆ ಸೇರಿದಂತಿರುವ ಮೇಗುತಿ ಗುಡ್ಡದ ಮೇಲಿನ ಜಿನಾಲಯವು ಶಕವರ್ಷ 556ರಲ್ಲಿ, ಎಂದರೆ ಕ್ರಿಸ್ತಶಕ 634ರ ಸುಮಾರಿನಲ್ಲಿ, ಇಮ್ಮಡಿ ಪುಲಿಕೇಶಿಯ ಕಾಲದಲ್ಲಿ ಆದುದು. ಅದನ್ನು ಕಟ್ಟಿಸಿದ ರವಿಕೀರ್ತಿಯು ತನ್ನ ಸಂಸ್ಕೃತ ಪ್ರಶಸ್ತಿಯಲ್ಲಿ ತನ್ನನ್ನು ಕಾಳಿದಾಸ ಭಾರವಿಗಳಿಗೆ ಸರಿಗಟ್ಟಿಕೊಂಡಿರುವುದು ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಅದೇ ಗುಡ್ಡದ ಮೇಲೆ, ಅದಕ್ಕೂ ಬಹಳ ಹಿಂದಿನವರು ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಶಿಲಾಸಮಾಧಿಗಳಿವೆ. ಊರಿನೊಳಗೂ ಸುತ್ತಲೂ ನೂರಕ್ಕೆ ಮೀರಿದ ದೇವಾಲಯಗಳಿವೆ. ಪ್ರವಾಸಿಗಳು ಬರುವುದು ಅವುಗಳನ್ನು ನೋಡುವುದಕ್ಕೆ. ನಾವು ಇಂದು ಅವುಗಳಿಗೆ ಕೈಮುಗಿದು, ಅವುಗಳ ನಡುವಿನ ಸಂದುಗಳಲ್ಲಿ ನಡೆಯೋಣ.

ಗೋಡೆಯ ಗುಣವು ಕಲ್ಲಿನ ಗುಣವನ್ನು ಅವಲಂಬಿಸಿರುವುದು. ಕರಾವಳಿಯಲ್ಲಿ ಚಿರೆಕಲ್ಲು, ನೆಲದಲ್ಲಿರುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದ ಅದನ್ನು ಇಟ್ಟಿಗೆಯಂತೆ ಕಡಿಯಬಹುದು. ಬಿಜಾಪುರದಲ್ಲಿ ಕರಿಕಲ್ಲು. ಹಂಪೆಯಲ್ಲಿ ಕಣಶಿಲೆ; ಸಾಲಾಗಿ ಕುಳಿ ತೋಡಿ ಬೆಣೆ ಬಡಿದು ಅದನ್ನು ಸೀಳಬೇಕು. ಮಲಪ್ರಭೆಯ ಕಣಿವೆಯದು ಮರಳುಗಲ್ಲು. ಅದು ಪದರು ಪದರಾಗಿರುವುದರಿಂದ ಚಪ್ಪಡಿ ಏಳುವುದು ಸುಲಭ. ಅಂಚು ನೆಟ್ಟಗೆ ಬರುವುದು. ಗಾರೆಯ ಹಂಗಿಲ್ಲದೆ ಒಂದರ ಮೇಲೊಂದನ್ನು ಕೂರಿಸಿದರೆ ಭಾರದಿಂದಲೇ ನಿಲ್ಲುವುದು. ಈ ಒಂದು ಸೌಕರ್ಯದಿಂದ ಐಹೊಳೆಯಲ್ಲಿ ಒಂದು ವಿಶೇಷವುಂಟಾಯಿತು. ದೇವಾಲಯಕ್ಕೂ ಕೋಟೆಗೂ ಮನೆಗೂ ದನದ ಕೊಟ್ಟಿಗೆಗೂ ಬೇಕಾದುದು ಒಂದೇ ಕಲ್ಲು, ಒಂದೇ ಬಗೆಯ ಚಪ್ಪಡಿ. ಒಂದು ಕಡೆಯಿಂದ ಕಿತ್ತುದು ಮತ್ತೊಂದು ಕಡೆಗೆ ತಕ್ಕಮಟ್ಟಿಗೆ ಹೊಂದುವುದು. ಆದುದರಿಂದ ಅಲ್ಲಿ ಕಲ್ಲಿಗೆ ಒಂದೇ ಜನ್ಮವಿಲ್ಲ. ಹಿತ್ತಿಲಿನ ಗೋಡೆಯಲ್ಲಿ ಕೆತ್ತನೆಯ ತುಂಡು ಇಣುಕಿದರೆ ಆಶ್ಚರ್ಯಪಡಬೇಕಾದುದಿಲ್ಲ. ಸೇಂಟ್ ಆಂಡ್ರೂಸಿನಲ್ಲಿ ನಡೆದುದೇ ಇಲ್ಲಿಯೂ ನಡೆಯಿತು.

ಊರನ್ನು ಸುಮಾರಾಗಿ ಚಕ್ರಾಕಾರದಲ್ಲಿ ಸುತ್ತುವ ಕೋಟೆಗೋಡೆಯಿದೆ. ದಪ್ಪ ಮರಳುಗಲ್ಲಿನ ದಿಮ್ಮಿಗಳ ವರಸೆ. ಅಲ್ಲಲ್ಲಿ ಮುಂಚಾಚಿದ ಕೊತ್ತಳ. ಮೇಗುತಿ ಗುಡ್ಡಕ್ಕೂ ಬೇರೆಯಾದ ಗೋಡೆಯುಂಟು. ಒಂದೇ ಗೋಡೆಯಲ್ಲಿ ಅಚ್ಚುಕಟ್ಟಾದ ಕೆಳವರಸೆಗಳೂ ಒರಟಾದ ಮೇಲ್ವರಸೆಗಳೂ ಕಂಡುಬಂದರೆ, ಒಂದು ಕಾಲದವರು ಕಟ್ಟಿದುದನ್ನು ಇನ್ನೊಂದು ಕಾಲದವರು ಅವಸರದಲ್ಲಿ ದುರಸ್ತುಮಾಡಿದರೆಂದು ತಿಳಿಯಬೇಕು. ಇದಕ್ಕೆ ಪ್ರಸಿದ್ಧವಾದ ನಿದರ್ಶನವು ದುರ್ಗದ ಗುಡಿ. ಗಜಪೃಷ್ಠಾಕಾರದ ಈ ಸುಂದರ ದೇವಾಲಯಕ್ಕೂ ದುರ್ಗಾದೇವಿಗೂ ಹೆಸರಿನ ಸಂಬಂಧವಿಲ್ಲ. ಎರಡನೆಯ ವಿಕ್ರಮಾದಿತ್ಯನ ಕಾಲದ ಶಾಸನದಿಂದ ಇದು ಆದಿತ್ಯನ ಆಲಯವಾಗಿತ್ತೆಂದು ತಿಳಿಯುವುದು. ಕೋಟೆಯ, ಎಂದರೆ ದುರ್ಗದ, ಮಗ್ಗುಲಲ್ಲಿದ್ದುದರಿಂದ ಜನರು ಇದನ್ನು ದುರ್ಗದ ಗುಡಿಯೆಂದರು. ಯಾವುದೋ ಕಷ್ಟಕಾಲದಲ್ಲಿ ಅದರ ಮಾಡಿನ ಮೇಲೆಯೇ ಒಡ್ಡುಗಲ್ಲಿನ ಕಾವಲಿನ ಗೋಡೆಯನ್ನು ಏರಿಸಿದ್ದರು. ದೇವರ ಮನೆಯು ಊರಿನ ಕಾವಲುಗಾರನಾಯಿತು. ದೇವರ ಹೆಸರು ಮರೆತು ಗೋಡೆಯ ಹೆಸರು ಉಳಿಯಿತು.

ಇಷ್ಟು ಕಾವಲು ಏತಕ್ಕೆ ಬೇಕಾಯಿತೆಂದು ಕೇಳಬಹುದು. ಉತ್ತರವನ್ನು ನಮ್ಮ ವೀರಗಲ್ಲುಗಳು ಕೊಡುವುವು. ತುರುಗೊಳ್ ಎಂದರೆ ದನಗಳನ್ನು ಹೊಡೆದುಕೊಂಡು ಹೋಗುವಾಗಿನ ಕಾದಾಟ. ಊರಳಿವು ಎಂದರೆ ಊರನ್ನು ಸೂರೆಮಾಡುವಾಗಿನ ಕಾದಾಟ. ಗಡಿಕಾಳಗವೆಂದರೆ ಎಲ್ಲೆಗಾಗಿ ನಡೆದ ಕಾದಾಟ. ಈ ಮೂರಕ್ಕೂ ಬೇರೆಬೇರೆ ಹೆಸರಿಡಬೇಕಾಗುವಷ್ಟು ಅವು ಸಾಮಾನ್ಯವಾಗಿದ್ದುವು. ಅರಸರ ಯುದ್ಧಗಳು ದೂರದಲ್ಲಿ ನಡೆದು ಮುಗಿಯುವುವು. ಊರಿನ ಯುದ್ಧವು ಅಗಸೆಬಾಗಿಲಿನಲ್ಲಿ ನಡೆಯುವುದು. ಉತ್ತರ ಕರ್ನಾಟಕದ ಬಹುಸಂಖ್ಯೆಯ ಹಳ್ಳಿಗಳಿಗೆ ಹತ್ತೊಂಬತ್ತನೆಯ ಶತಮಾನದ ಆದಿಯವರೆಗೂ ಊರಗೋಡೆ, ಅಗಸೆ, ಕಾವಲಿಗೊಂದು ಹುಡೇವು ಇದ್ದುವು. 1818ರಲ್ಲಿ ಪೇಶವೆಯ ಆಳಿಕೆ ಮುಗಿದ ಮೇಲೆ ದಾಳಿಗಳ ಭಯ ಕಡಮೆಯಾಯಿತು, ಗೋಡೆಗೆ ಕೆಲಸವಿಲ್ಲದಾಯಿತು. ಕೆಲಸವಿಲ್ಲದ ಗೋಡೆಯು ಕಲ್ಲಿನ ಗಣಿಯಾಗುವುದಕ್ಕೆ ಬಹುಕಾಲ ಬೇಕಿಲ್ಲ. ಎಷ್ಟೋ ಊರುಗಳಲ್ಲಿ ಅಗಸೆಯು ಬಿದ್ದುಹೋಗಿ ಹೆಸರು ಮಾತ್ರ ನಿಂತಿದೆ. ಬಾಗಿಲಿಲ್ಲದ ಕಡೆಯಲ್ಲಿಯೂ ಜನರು ಇಂದಿಗೂ ಅಗಸೆಯ ಬಳಿ ಸೇರುವರು.

ಇನ್ನು ಗೋಡೆಯ ಒಳಗಿನ ಮಾತು. ಐಹೊಳೆಯು ಬರಿಯ ದೇವರ ಊರಲ್ಲ, ವ್ಯಾಪಾರಿಗಳ ಊರು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ಹೆಸರು ದಕ್ಷಿಣದೇಶವನ್ನೆಲ್ಲ ವ್ಯಾಪಿಸಿ ಕಡಲನ್ನೂ ದಾಟಿತು. ಸುಮಾತ್ರಾದ ಬಾರೂಸಿನ ಬಳಿ ದೊರೆತ 1088ರ ತಮಿಳು ಶಾಸನದಲ್ಲಿ ಐನೂರ್ವರ ಉಲ್ಲೇಖವಿದೆ. ದೇಶಾಂತರದಲ್ಲಿ ಎತ್ತು, ಕತ್ತೆ, ಹಡಗುಗಳ ಮೇಲೆ ಸರಕು ಸಾಗಿಸುತ್ತಿದ್ದ ಇಂತಹವರಿಗೆ ಮನೆಯ ನಿವೇಶನ, ಅಂಗಡಿಯ ಮುಂಭಾಗ, ದಾರಿಯ ಹಕ್ಕು ಇವೆಲ್ಲ ಹಣದಷ್ಟೇ ಮುಖ್ಯವಾಗಿದ್ದಿರಬೇಕು. ನಮ್ಮ ದಾನಶಾಸನಗಳು ಎಲ್ಲೆಯ ವಿಷಯದಲ್ಲಿ ಎಷ್ಟು ಜಾಗರೂಕವಾಗಿವೆಯೆಂಬುದನ್ನು ನೋಡಿರಿ. ಪೂರ್ವಕ್ಕೆ ಹಳ್ಳ, ಆಗ್ನೇಯಕ್ಕೆ ಹುತ್ತ, ದಕ್ಷಿಣಕ್ಕೆ ನೆಟ್ಟ ಕಲ್ಲು, ಪಶ್ಚಿಮಕ್ಕೆ ಇಂತಹ ಮರ ಎಂದು ದಿಕ್ಕುದಿಕ್ಕಿಗೂ ಗುರುತು ಹೇಳುವರು. ಶೈವರ ಭೂಮಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವರದಕ್ಕೆ ವಾಮನಮುದ್ರೆಯ ಕಲ್ಲು, ಜೈನರದಕ್ಕೆ ಮುಕ್ಕೊಡೆಯ ಕಲ್ಲು. ಭೂಮಿಯನ್ನು ಅಳೆಯುವ ಗಳೆಗೂ ಊರೂರಿಗೆ ಬೇರೆಬೇರೆ ಅಳತೆಯಿದ್ದುದರಿಂದ, ಯಾವ ಗಳೆಯಿಂದ ಅಳೆದುದೆಂಬುದನ್ನೂ ಹೇಳುವರು. ಮನೆಯ ನಿವೇಶನವನ್ನು ಕೊಟ್ಟರೆ ಅದು ಯಾವ ಕೇರಿಯದು, ಎಷ್ಟು ಕೈ ಅಗಲ, ಎಷ್ಟು ಕೈ ಉದ್ದವೆಂಬುದನ್ನು ಬರೆಸುವರು. ಬೀದಿಯೆಂಬುದು ಅರಸನ ಹಿರಿಮೆಗಾಗಿ ಮಾತ್ರ ಇದ್ದುದಲ್ಲ. ಒಬ್ಬನ ಮನೆಯ ಅಳತೆಯು ಎಲ್ಲಿ ನಿಲ್ಲಬೇಕೆಂಬ ಲೆಕ್ಕದಲ್ಲಿ ಅದು ಸೇರಿತ್ತು.

ಕಾಲಕ್ರಮದಲ್ಲಿ ಐಹೊಳೆಯ ವೈಭವ ಇಳಿಯಿತು. ರಾಜಧಾನಿಗಳು ಬೇರೆಡೆಗೆ ಹೋದುವು, ವರ್ತಕರ ಕೇಂದ್ರಗಳು ಬದಲಾದುವು. ಪೂಜೆ ನಿಂತ ಗುಡಿಗಳು ಊರಿನ ನಡುವೆಯೇ ಬರಿದಾಗಿ ನಿಂತಿದ್ದುವು. ಬಿಸಿಲಿಗೂ ಮಳೆಗೂ ಅಂಜದ ಕಲ್ಲಿನ ಮಾಳಿಗೆ, ಮೂರು ಕಡೆ ಗೋಡೆ; ಮನೆಯಿಲ್ಲದವನಿಗೆ ಇದಕ್ಕಿಂತ ಬೇರೇನು ಬೇಕು? ಜನರು ಒಳಗೆ ಸೇರಿದರು. ಗುಡಿಯ ಮಗ್ಗುಲಿಗೆ ಒರಗಿದಂತೆ ಮತ್ತೊಬ್ಬನು ಮನೆ ಕಟ್ಟಿದನು. ಅದಕ್ಕೆ ಒರಗಿಕೊಂಡು ಇನ್ನೊಬ್ಬನು ಕೊಟ್ಟಿಗೆ ಹಾಕಿದನು. ಇಂದು ಪುಸ್ತಕಗಳಲ್ಲಿ ಬರುವ ಹೆಸರುಗಳು ಅನೇಕವು ಹೀಗೆ ಬಂದವು. ಲಾಡಖಾನನೆಂಬ ಮುಸಲ್ಮಾನನು ವಾಸವಾಗಿದ್ದುದರಿಂದ ಲಾಡಖಾನ ಗುಡಿ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಿಮಲ್ಲಿಯ ಗುಡಿ. ದೇವರ ಹೆಸರಿನ ಸ್ಥಾನದಲ್ಲಿ ನೆರೆಯವರ ಹೆಸರು! ವಾಸ್ತುಶಿಲ್ಪದ ಪಂಡಿತರು ಪ್ಯಾರಿಸಿನಲ್ಲಿಯೋ ಲಂಡನ್ನಿನಲ್ಲಿಯೋ ಕುಳಿತು ಈ ಹೆಸರುಗಳನ್ನು ಬರೆಯುವಾಗ, ತಾವು ಒಂದು ಬಡ ಹಳ್ಳಿಯ ಮನೆಗಳ ವಿಳಾಸವನ್ನು ಬರೆಯುತ್ತಿರುವೆವೆಂಬುದನ್ನು ಎಷ್ಟುಮಂದಿ ಅರಿತಿರುವರೋ! ಕರ್ನಲ್ ಬಿಗ್ಸ್ 1855ರಲ್ಲಿ ಇಲ್ಲಿ ಛಾಯಾಚಿತ್ರಗಳನ್ನು ತೆಗೆದನು. ಹೆನ್ರಿ ಕಸಿನ್ಸನು ಕನ್ನಡ ಜಿಲ್ಲೆಗಳ ಚಾಲುಕ್ಯ ಶಿಲ್ಪವನ್ನು ಕುರಿತ ತನ್ನ ಗ್ರಂಥವನ್ನು 1926ರಲ್ಲಿ ಪ್ರಕಟಿಸಿದನು. ಅವರ ಕಣ್ಣು ಶಿಲ್ಪದ ಮೇಲಿದ್ದುದು ನ್ಯಾಯವೇ; ಓಣಿಯು ಚಿತ್ರದ ಅಂಚಿನಲ್ಲಿ ಉಳಿಯಿತು.

ಆ ಓಣಿಯಲ್ಲಿ ನಿಂತು ನೋಡಿದರೆ ಮೂರು ಸಂಗತಿಗಳು ಸ್ಪಷ್ಟವಾಗುವುವು. ಒಂದನೆಯದು, ಗೋಡೆ ಗೋಡೆಗೆ ತಾಗುವ ಕೀಲು. ಎರಡು ಗೋಡೆಗಳ ವರಸೆಗಳು ಒಂದರೊಳಗೊಂದು ಹೆಣೆದುಕೊಂಡಿದ್ದರೆ ಅವು ಒಟ್ಟಿಗೆ ಎದ್ದವು; ಒಂದು ಇನ್ನೊಂದಕ್ಕೆ ಬರಿದೆ ಒರಗಿದ್ದರೆ ಒರಗಿದುದು ಹಿಂದಿನದಲ್ಲ, ಈಚಿನದು. ಅಕ್ಷರವಿಲ್ಲದ ಕಡೆಯಲ್ಲಿ ಕಾಲವನ್ನು ಹೇಳುವ ವಿಧಾನ ಇದು. ಎರಡನೆಯದು, ನೀರಿನ ಹರಿವು. ಮನೆಯ ಮಾಳಿಗೆಯ ನೀರು ಯಾವ ಕಡೆಗೆ ಬೀಳಬೇಕು, ಬಚ್ಚಲಿನ ನೀರು ಯಾರ ಗೋಡೆಯ ಬುಡದಲ್ಲಿ ಹರಿಯಬಾರದು ಎಂಬ ತಗಾದೆಗಳಿಂದಲೇ ಎಷ್ಟೋ ಓಣಿಗಳು ತಮ್ಮ ಅಗಲವನ್ನು ಪಡೆದಿವೆ. ಮೂರನೆಯದು, ನಡೆದಾಟ. ಎಲ್ಲಿ ಓಣಿಯು ಅಕಾರಣವಾಗಿ ಬಳುಕುವುದೋ ಅಲ್ಲಿ ಹಿಂದೆ ಯಾವುದೋ ಒಂದು ವಸ್ತುವಿತ್ತು: ಒಂದು ಗುಡಿಯ ಅಧಿಷ್ಠಾನ, ಒಂದು ಬಾವಿ, ಒಂದು ಮರ. ಅದು ಹೋದ ಮೇಲೆಯೂ ಕಾಲುಗಳು ಹಳೆಯ ಬಳಸುದಾರಿಯನ್ನು ಬಿಡಲಿಲ್ಲ. ಹೊಸ ಮನೆಗಳು ಆ ಬಳುಕನ್ನೇ ಎಲ್ಲೆಯೆಂದು ಒಪ್ಪಿ ಎದ್ದವು. ಇಂತಹ ಓಣಿಯನ್ನು ನೆಟ್ಟಗೆ ಮಾಡಿದರೆ ಬಂಡಿಗೆ ಅನುಕೂಲವಾದೀತು, ಚರಿತ್ರೆಯ ಒಂದು ಪುಟ ಹರಿದೀತು.

ಈಗ ಕಷ್ಟವಾದ ಪ್ರಶ್ನೆಗೆ ಬರೋಣ. ಐಹೊಳೆಯ ಗುಡಿಗಳನ್ನು ಉಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಪುರಾತತ್ತ್ವ ಇಲಾಖೆಯವರು ಇಪ್ಪತ್ತನೆಯ ಶತಮಾನದಲ್ಲಿ ಮುಖ್ಯವಾದ ಗುಡಿಗಳಿಂದ ವಾಸದವರನ್ನು ಬಿಡಿಸಿ, ದುರ್ಗದ ಗುಡಿ ಮತ್ತು ಲಾಡಖಾನ ಗುಡಿಗಳ ಸುತ್ತಣ ನೆಲವನ್ನು ತೆರವು ಮಾಡಿ ಉದ್ಯಾನವನ್ನಾಗಿಸಿದರು. ಅದರಿಂದ ಶಿಲ್ಪಗಳು ಹೊಗೆಯಿಂದಲೂ ಸುಣ್ಣದಿಂದಲೂ ಉಳಿದುವು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾಗಿ, ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನವರೆಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರಿನವರೆಗೆ ನಿಯಂತ್ರಣವೆಂಬ ನಿಯಮವು ಶಾಸನದ ಬಲವನ್ನು ಪಡೆಯಿತು. ಬಯಲಿನಲ್ಲಿ ಒಂಟಿಯಾಗಿ ನಿಂತ ಗುಡಿಗೆ ಇದು ಒಳ್ಳೆಯ ಕವಚ. ಆದರೆ ಗುಡಿಗಳು ಮನೆಗಳ ನಡುವೆ ಚೆಲ್ಲಿದಂತಿರುವ ಐಹೊಳೆಯಲ್ಲಿ ಪ್ರತಿಯೊಂದು ಸ್ಮಾರಕದ ಸುತ್ತಲೂ 100 ಮೀಟರಿನ ವೃತ್ತವನ್ನೆಳೆದು ನೋಡಿರಿ. ವೃತ್ತದಿಂದ ಹೊರಗುಳಿಯುವ ನೆಲವು ಊರಿನೊಳಗೆ ಬಹು ಸ್ವಲ್ಪ. ಮಗನಿಗೆ ಮದುವೆಯಾದರೆ ಮತ್ತೊಂದು ಕೋಣೆ ಬೇಕು. ಗೋಡೆ ಜರಿದರೆ ಕಟ್ಟಬೇಕು. ದುರಸ್ತಿಗೂ ಅಪ್ಪಣೆ ಬೇಕು. ಊರನ್ನೇ ಬೇರೆಡೆಗೆ ಸಾಗಿಸಬೇಕೆಂಬ ಯೋಜನೆಯ ಮಾತು ದಶಕಗಳಿಂದಲೂ ನಡೆಯುತ್ತ ಬಂದಿದೆ. ಇದ್ದ ಕಡೆಯಲ್ಲಿ ಕಟ್ಟುವಂತಿಲ್ಲ, ಹೋಗಬೇಕಾದ ಕಡೆ ಇನ್ನೂ ಸಿದ್ಧವಿಲ್ಲವೆಂಬ ಸ್ಥಿತಿಯು ಯಾವ ಸಂಸಾರಕ್ಕೂ ಸುಖಕರವಾದುದಲ್ಲ. ಇದರ ಮೇಲೆ 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಈ ಕಣಿವೆಯ ಜನರ ಕಷ್ಟವನ್ನು ಇಮ್ಮಡಿಸಿತು.

ಇಲ್ಲಿ ನ್ಯಾಯವು ಒಂದೇ ಪಕ್ಷದಲ್ಲಿಲ್ಲ. ಕಲ್ಲನ್ನು ಉಳಿಸುವವನು ಕೇಳುವನು: ಈ ಮನೆಗಳು ಗುಡಿಯನ್ನು ತಿನ್ನುತ್ತಿಲ್ಲವೇ? ಮನೆಯವನು ಕೇಳುವನು: ಈ ಗುಡಿಯು ಬೀಳದಂತೆ ಇಷ್ಟು ಕಾಲ ನೆರಳಾಗಿದ್ದವರು ನಾವಲ್ಲವೇ? ಎರಡೂ ಸತ್ಯ. ಆದರೆ ಚರಿತ್ರೆಯ ವಿದ್ಯಾರ್ಥಿಯು ಮೂರನೆಯದೊಂದು ಮಾತನ್ನು ಹೇಳಬೇಕಾಗಿದೆ. ಗುಡಿಯೊಂದೇ ಪ್ರಾಚೀನವಾದುದು, ಓಣಿಯು ಅದರ ಮೇಲೆ ಬೆಳೆದ ಕಳೆ ಎಂದು ಭಾವಿಸುವುದು ತಪ್ಪು. ಏಳನೆಯ ಶತಮಾನದ ಗುಡಿಯಂತೆಯೇ, ಆ ಗುಡಿಯಲ್ಲಿ ಮನುಷ್ಯನು ಬಾಳಿದ ಮುಂದಿನ ಶತಮಾನಗಳೂ ಚರಿತ್ರೆಯೇ. ಹಂಪೆಯಲ್ಲಿ 2011ರ ಜುಲೈ ತಿಂಗಳಿನಲ್ಲಿ ವಿರೂಪಾಕ್ಷನ ಪೇಟೆಬೀದಿಯ ಮಂಟಪಗಳಲ್ಲಿದ್ದ ಮನೆಗಳನ್ನೂ ಅಂಗಡಿಗಳನ್ನೂ ಕೆಡವಿ ಜನರನ್ನು ಎಬ್ಬಿಸಲಾಯಿತು. ಕಲ್ಲಿನ ಕಂಬಗಳು ಮತ್ತೆ ಕಣ್ಣಿಗೆ ಬಿದ್ದುವು ನಿಜ. ಆದರೆ ಪೇಟೆಯೆಂಬುದು ಕಂಬಗಳ ಸಾಲಲ್ಲ, ಕೊಡುಕೊಳುವ ಜನ. ಜನರಿಲ್ಲದ ಪೇಟೆಬೀದಿಯನ್ನು ಪೇಟೆಯ ಬೀದಿಯೆಂದು ಮುಂದಿನವರಿಗೆ ಹೇಗೆ ತೋರಿಸುವುದು?

ಸೇಂಟ್ ಆಂಡ್ರೂಸಿನ ಜನರು ಇಂತಹ ಸಂದಿಗ್ಧಕ್ಕೆ ಸಿಕ್ಕಿದಾಗ ಮಾಡಿದ ಕಾರ್ಯವು ಗಮನಾರ್ಹವಾಗಿದೆ. ಹಳೆಯ ಸಣ್ಣ ಮನೆಗಳು ಒಂದೊಂದಾಗಿ ಉರುಳುತ್ತಿರುವುದನ್ನು ಕಂಡು ಅಲ್ಲಿನ ಪುರಜನರು 1937ರಲ್ಲಿ ತಾವೇ ಒಂದು ಸಂರಕ್ಷಣಾ ಸಂಸ್ಥೆಯನ್ನು ಸ್ಥಾಪಿಸಿಕೊಂಡರು. ಅವರು ಕಾಪಾಡಲು ಹೊರಟುದು ಮಹಾಮಂದಿರವನ್ನಲ್ಲ, ಸಾಮಾನ್ಯರ ಮನೆಗಳನ್ನು. ಬ್ರಿಟನ್ನಿನಲ್ಲಿ 1967ರ ಕಾಯಿದೆಯು ಒಂದು ಕಟ್ಟಡವನ್ನಷ್ಟೇ ಅಲ್ಲದೆ ಒಂದು ಕೇರಿಯನ್ನೇ ಅದರ ಒಟ್ಟು ರೂಪಕ್ಕಾಗಿ ರಕ್ಷಿಸುವ ಏರ್ಪಾಟನ್ನು ತಂದಿತು. ಅಲ್ಲಿ ಮನೆಯವನು ಮನೆಯಲ್ಲಿಯೇ ಇರುವನು, ದುರಸ್ತುಮಾಡುವನು, ಹಳೆಯ ಗೋಡೆಯ ಎತ್ತರವನ್ನೂ ಓಣಿಯ ಅಗಲವನ್ನೂ ಮಾತ್ರ ಕೆಡಿಸುವಂತಿಲ್ಲ. ಆ ದೇಶದ ಸಿರಿಯು ನಮಗಿಲ್ಲವೆಂಬುದು ದಿಟ. ಆದರೆ ಸೀಸದ ಕಡ್ಡಿ, ಅಳತೆಯ ಪಟ್ಟಿ, ಕಾಗದ ಇವುಗಳಿಗೆ ಸಿರಿ ಬೇಕಾಗಿಲ್ಲ.

ಆದುದರಿಂದ ನಾನು ಸೂಚಿಸುವುದು ಸಣ್ಣ ಕೆಲಸವನ್ನು. ಐಹೊಳೆಯೇ ಆಗಲಿ, ಕೋಟೆಯೊಳಗಿನ ಬೇರೆ ಯಾವ ಹಳೆಯ ಊರೇ ಆಗಲಿ, ಸಾಗಿಸುವುದಕ್ಕೂ ಅಗಲಿಸುವುದಕ್ಕೂ ಮುಂಚೆ ಅದರ ಓಣಿಗಳ ನಕ್ಷೆಯಾಗಬೇಕು. ಯಾವ ಗೋಡೆ ಯಾವುದಕ್ಕೆ ಒರಗಿದೆ, ಎಲ್ಲಿ ಕೆತ್ತನೆಯ ಕಲ್ಲು ಸೇರಿದೆ, ನೀರು ಎತ್ತ ಹರಿಯುವುದು ಎಂಬುದೆಲ್ಲ ಅದರಲ್ಲಿ ಬರಬೇಕು. ಪ್ರತಿಯೊಂದು ಓಣಿಯ, ಅಗಸೆಯ, ಕಟ್ಟೆಯ ಹೆಸರನ್ನು ಆ ಊರಿನ ಹಿರಿಯರ ಬಾಯಿಂದ ಕೇಳಿ ಬರೆಯಬೇಕು; ಆ ಹೆಸರುಗಳು ಕಲ್ಲಿಗಿಂತಲೂ ಬೇಗ ಅಳಿಯುವಂತಹವು. ಹೊಸ ಊರನ್ನು ಕಟ್ಟಲೇಬೇಕಾದರೆ, ಚದುರಂಗದ ಮನೆಗಳಂತೆ ಗೆರೆಯೆಳೆಯುವ ಮೊದಲು, ಯಾರ ಮನೆಯು ಯಾರ ಮಗ್ಗುಲಲ್ಲಿತ್ತೆಂಬುದನ್ನು ಕೇಳಬೇಕು. ಶಾಲೆಯ ಉಪಾಧ್ಯಾಯರೂ ಕಾಲೇಜಿನ ವಿದ್ಯಾರ್ಥಿಗಳೂ ಮನಸ್ಸಿಟ್ಟರೆ ಒಂದು ಬೇಸಗೆಯ ರಜೆಯಲ್ಲಿ ಒಂದು ಊರು ಮುಗಿಯುವುದು. ತಮ್ಮ ತಮ್ಮ ಊರಿನ ಅಗಸೆಯು ಎಲ್ಲಿತ್ತು, ಊರಗೋಡೆಯ ಕಲ್ಲು ಈಗ ಯಾವ ಯಾವ ಮನೆಗಳಲ್ಲಿದೆಯೆಂದು ವಿಚಾರಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಗೋಡೆಯನ್ನು ಕಟ್ಟಿದವನಿಗೆ ಅದು ಶಾಶ್ವತವೆಂಬ ನಂಬಿಕೆ ಇದ್ದೀತು. ಶಾಶ್ವತವಾಗಿ ಉಳಿದುದು ಅವನು ದಾರಿಹೋಕನಿಗಾಗಿ ಬಿಟ್ಟುಕೊಟ್ಟ ಮೂರು ಮೊಳ ನೆಲ. ನೀರು ನಿಂತರೆ ಆ ನೆಲವೂ ನಿಲ್ಲದೆಂಬುದನ್ನು ಕಾಳಿಯ ದಡದ ಸೂಪಾ ನಮಗೆ ತೋರಿಸಿದೆ. ಅಲ್ಲಿನ ಓಣಿಗಳಲ್ಲಿ ಆಡಿ ಬೆಳೆದವರು ಇನ್ನೂ ನಮ್ಮ ನಡುವೆ ಇರುವರು. ಅವರ ನೆನಪಿನಲ್ಲಿ ಆ ಊರಿನ ಎಲ್ಲೆಗಳು ಇನ್ನೂ ನೆಟ್ಟಗಿವೆ. ಐಹೊಳೆಗೆ ಬೇಕಾದ ನಕ್ಷೆಗಿಂತಲೂ ಮೊದಲು ಆಗಬೇಕಾದ ನಕ್ಷೆ ಅದು. ಏಕೆಂದರೆ ಕಲ್ಲು ಕಾಯಬಲ್ಲುದು, ಮುಪ್ಪು ಕಾಯದು.